ಪೇಟಿ ಮತ್ತು ಜಾನ್ ಫೌಲ್ಡ್ಸ್

ಹಾರ್ಮೋನಿಯಂಗೆ ನಮ್ಮ ಕಡೆ ‘ಪೇಟಿ’ ಎನ್ನುತ್ತಾರೆ. ಕಮಲಾಪುರದ ನಮ್ಮ ಓಣಿಯ ಭಜನೆಯಲ್ಲಿ ಪೇಟಿಯಿಲ್ಲದೆ ಹಾಡು ಮೇಲೇಳುತ್ತಿರಲಿಲ್ಲ. 1966ರಲ್ಲಿ ಕಲಬುರಗಿ ಆಕಾಶವಾಣಿ ಆರಂಭವಾದ ದಿನಗಳನ್ನು ನೆನೆಯುವಾಗ ತಂದೆಯವರು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು: “ರೇಡಿಯೋದಾಗ ಎಲ್ಲಾ ಬರ್ತಿತ್ತು, ಪೇಟಿ ಒಂದು ಬರ್ತಿರಲಿಲ್ಲ.” ಅದನ್ನು ಅವರ ಉತ್ಪ್ರೇಕ್ಷೆಯೆಂದೇ ಬಹುಕಾಲ ಭಾವಿಸಿದ್ದೆ. ಆದರೆ ಅದು ನಿಜವಾಗಿತ್ತು. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತ್ತು. ಆ ನಿಷೇಧ ಭಾಗಶಃ ಸಡಿಲಗೊಂಡದ್ದು 1971ರಲ್ಲಿ. ನಿಷೇಧಕ್ಕೆ ವಾದವನ್ನು ಒದಗಿಸಿದವರಲ್ಲಿ ಜಾನ್ ಫೌಲ್ಡ್ಸ್ ಎಂಬ ಆಂಗ್ಲ ಸಂಗೀತಕಾರನೂ ಒಬ್ಬ.

ಫೌಲ್ಡ್ಸ್ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿ, ಅಲ್ಲಿಯ ಹ್ಯಾಲೆ ವಾದ್ಯವೃಂದದಲ್ಲಿ ಸೆಲ್ಲೊ ನುಡಿಸಿದವನು. ಹೊಟ್ಟೆಪಾಡಿಗೆ ಲಘುಸಂಗೀತ ಮತ್ತು ರಂಗಸಂಗೀತ ರಚಿಸಿದ. ಬರ್ನಾರ್ಡ್ ಷಾನ ‘ಸೇಂಟ್ ಜೋನ್’ ನಾಟಕಕ್ಕೂ ಆತನದೇ ಸಂಗೀತ. ಜನ ಮೆಚ್ಚಿದ್ದು ‘ಕೆಲ್ಟಿಕ್ ಲಮೆಂಟ್’ ಎಂಬ ಪುಟ್ಟ ರಚನೆಯನ್ನು. ಆತನ ಮನಸ್ಸಿದ್ದದ್ದು ಮಹಾಯುದ್ಧದಲ್ಲಿ ಮಡಿದವರಿಗಾಗಿ ಬರೆದ ‘ಎ ವರ್ಲ್ಡ್ ರೆಕ್ವಿಯಮ್’ನಂತಹ ಬೃಹತ್ ಕೃತಿಗಳಲ್ಲಿ. 1923ರಿಂದ 1926ರವರೆಗೆ ಲಂಡನ್ನಿನಲ್ಲಿ ವರ್ಷಕ್ಕೊಮ್ಮೆ ಮೊಳಗಿದ ಆ ಕೃತಿ ಬಳಿಕ ಮೂಲೆ ಸೇರಿತು. ಪತ್ನಿ ಮಾಡ್ ಮೆಕಾರ್ಥಿ ಭಾರತೀಯ ಸಂಗೀತವನ್ನು ಇಲ್ಲಿಗೇ ಬಂದು ಅಭ್ಯಸಿಸಿದ್ದವಳು. 1935ರಲ್ಲಿ ಇಬ್ಬರೂ ಭಾರತಕ್ಕೆ ಬಂದರು. ಫೌಲ್ಡ್ಸ್ ದೆಹಲಿ ರೇಡಿಯೋದ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥನಾದ; ಭಾರತೀಯ ವಾದಕರ ವೃಂದವೊಂದನ್ನೂ ಕಟ್ಟಿದ.

ಹಾರ್ಮೋನಿಯಮ್ಮಿನ ಕುರಿತು ಆತ 1938ರಲ್ಲಿ ಬರೆದ ಲೇಖನದ ಶೀರ್ಷಿಕೆಯೇ ಶ್ಲೇಷೆ: ಹಾರ್ಮೋನಿಯಮ್ಮಿನೊಳಗೆ ‘ಹಾನಿ’ ಎಂಬರ್ಥದ ಆಂಗ್ಲ ಪದವನ್ನು ಒಡೆದು ತೋರಿಸಿದ್ದ. ಹನ್ನೆರಡು ಸ್ಥಿರ ಸ್ವರಗಳ ಮನೆಯಲ್ಲಿ ಮೀಂಡಿಗೆ, ಸೂಕ್ಷ್ಮ ಶ್ರುತಿಗಳಿಗೆ ಎಡೆಯಿಲ್ಲ ಎಂಬುದು ಆಕ್ಷೇಪ. ರಾಗಸಂಗೀತದ ಮಟ್ಟಿಗೆ ಇದು ತಳ್ಳಿಹಾಕುವ ಮಾತಲ್ಲ. ಆದರೆ ತತ್ತ್ವಪದಕ್ಕೆ, ಭಜನೆಗೆ ಪೇಟಿ ಬೇಕಾದದ್ದು ಗಮಕಕ್ಕಾಗಿ ಅಲ್ಲ. ಹೊಲದಿಂದ ಬಂದು ಕುಳಿತ ಹತ್ತು ಕೊರಳುಗಳು ಒಂದೇ ಶ್ರುತಿಗೆ ನಿಲ್ಲಲೆಂದು. ಈ ಹಾಡುಗಾರಿಕೆ ಆತನ ಅಳತೆಗೋಲಿಗೆ ಸಿಕ್ಕಲೇ ಇಲ್ಲ. ಲಘುಸಂಗೀತದಿಂದಲೇ ಬದುಕಿದವನಿಗೆ ಇದು ಹೊಳೆಯಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

1939ರ ಏಪ್ರಿಲ್‌ನಲ್ಲಿ ಕಲ್ಕತ್ತೆಗೆ ವರ್ಗವಾಗಿ ಹೋದ ಕೆಲವೇ ದಿನಗಳಲ್ಲಿ ಫೌಲ್ಡ್ಸ್ ಕಾಲರಾಕ್ಕೆ ಬಲಿಯಾದ. ನಿಷೇಧವನ್ನು ಕಾಣಲು ಆತನೇ ಇರಲಿಲ್ಲ. ಭಾರತದಲ್ಲಿ ರಚಿಸಿದ ಕೃತಿಗಳಲ್ಲಿ ಬಹಳಷ್ಟು ಕಳೆದುಹೋದವು. ಹಸ್ತಪ್ರತಿಗಳ ನಾಶದ ಕಥೆಯನ್ನು ಓದುವಾಗಲೆಲ್ಲ ನನಗೆ ಅತ್ತಿಮಬ್ಬೆ ನೆನಪಾಗುತ್ತಾಳೆ. ನಮ್ಮ ಮಳಖೇಡದ, ಅಂದಿನ ಮಾನ್ಯಖೇಟದ, ಆಸ್ಥಾನಕವಿ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವಳು ಆಕೆ. ಫೌಲ್ಡ್ಸನಿಗೆ ಅಂಥವರು ಸಿಕ್ಕಲಿಲ್ಲ. ಉಳಿದ ಹಾಳೆಗಳನ್ನು ಮ್ಯಾಲ್ಕಂ ಮೆಕ್ಡೊನಾಲ್ಡ್ ಎಂಬ ವಿಮರ್ಶಕ ಹುಡುಕಿ ಹೊರತಂದದ್ದು ಹಲವು ದಶಕಗಳ ನಂತರ. ‘ಎ ವರ್ಲ್ಡ್ ರೆಕ್ವಿಯಮ್’ ಲಂಡನ್ನಿನಲ್ಲಿ 2007ರಲ್ಲಿ ಮತ್ತೆ ಕೇಳಿಸಿತು. ಕಮಲಾಪುರದ ನಮ್ಮ ಮನೆಗೆ ಆತನಿಂದ ತಲುಪಿದ್ದು ಮಾತ್ರ ಪೇಟಿಯಿಲ್ಲದ ಆ ಕೆಲವು ವರ್ಷಗಳ ಪ್ರಸಾರ.