ಬೀದರಿನ ಗುಮಾಸ್ತರು ಹೋದ ಊರು

ಟರ್ಕಿಗೆ ಹೋಗಿಬರುವ ನಮ್ಮವರು ಹಿಡಿಯುವುದು ಹೆಚ್ಚುಕಡಿಮೆ ಒಂದೇ ದಾರಿ: ಇಸ್ತಾಂಬುಲ್, ಕಪಡೋಕಿಯಾದ ಬಲೂನು, ಆಮೇಲೆ ಮನೆ. ಮರ್ಮರಾ ಸಮುದ್ರದ ತೆಂಕಣ ದಡದಿಂದ ತುಸು ಒಳಗೆ, ಉಲುದಾ ಬೆಟ್ಟದ ಬುಡಕ್ಕೆ ಆತುಕೊಂಡಿರುವ ಬುರ್ಸಾ ಟೂರಿನವರ ಪಟ್ಟಿಯಲ್ಲಿ ಸಿಕ್ಕರೂ 'ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್' ಎಂಬ ಕೊನೆಯ ಸಾಲಿನಲ್ಲಿರುತ್ತದೆ. ನನಗೆ ಆ ಊರಿನ ಮೇಲೆ ಮನಸ್ಸಾದದ್ದು ಬೀದರಿನ ದೆಸೆಯಿಂದ.

ಬೀದರಿನ ಮದರಸಾ ನೋಡದ ಕನ್ನಡಿಗರು ಬೇಕಾದಷ್ಟು ಜನ ಇದ್ದಾರು. ಮಹಮೂದ್ ಗವಾನನ ಮೇಲೆ ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆಯದೆ ಹೈಸ್ಕೂಲು ದಾಟಿದವರು ಮಾತ್ರ ಕಡಿಮೆ. ಪರ್ಷಿಯಾದಿಂದ ಬಂದ, ಬಹಮನಿ ಸುಲ್ತಾನರ ಮಂತ್ರಿಯಾದ, 1472ರಲ್ಲಿ ಮದರಸಾ ಕಟ್ಟಿಸಿದ, ಖೋಟಾ ಪತ್ರವೊಂದರ ನೆಪದಲ್ಲಿ 1481ರಲ್ಲಿ ತಲೆ ಕಳೆದುಕೊಂಡ. ಎರಡು ಅಂಕಕ್ಕೆ ಇಷ್ಟು ಸಾಕು. ಮಂತ್ರಿಯಾದ ಮೇಲೂ ಅವನು ವ್ಯಾಪಾರ ಬಿಟ್ಟಿರಲಿಲ್ಲ ಎಂಬುದನ್ನು ನಮ್ಮ ಮೇಷ್ಟ್ರು ಹೇಳಿರಲಿಲ್ಲ. ಟರ್ಕಿಯ ಇತಿಹಾಸಕಾರ ಹಲೀಲ್ ಇನಾಲ್‌ಜಿಕ್ ಬುರ್ಸಾದ ಖಾಜಿಗಳ ಹಳೆಯ ಕಡತಗಳನ್ನು ಬಿಡಿಸಿ ಕೂತಾಗ ಅದರಲ್ಲಿ ಗವಾನನ ಗುಮಾಸ್ತರು ಸಿಕ್ಕರು. ಹಿಂದೂಸ್ತಾನದ ಬಟ್ಟೆ ತಂದು ಆ ಪೇಟೆಯಲ್ಲಿ ಮಾರುತ್ತಿದ್ದವರು ಅವರು. ಕೆಲವರು ಅಲ್ಲಿಂದಲೂ ಮುಂದೆ ಬಾಲ್ಕನ್ ಸೀಮೆಗೆ ದಾಟಿದ್ದರು. ಬೀದರಿನ ಲೆಕ್ಕದ ಪುಸ್ತಕ ಎಷ್ಟು ದೂರದವರೆಗೆ ತೆರೆದಿತ್ತು ನೋಡಿ.

ಅಷ್ಟು ದೂರ ಬುರ್ಸಾಕ್ಕೇ ಏಕೆ? ಕಾರಣ ರೇಷ್ಮೆ. ಗವಾನನ ಹುಟ್ಟುಸೀಮೆ ಗೀಲಾನ್. ಕಾಸ್ಪಿಯನ್ ಕಡಲ ಬದಿಯ ಆ ನಾಡಿನ ಕಚ್ಚಾ ರೇಷ್ಮೆ ಒಂಟೆಗಳ ಮೇಲೆ ತಬ್ರೀಜ್ ದಾಟಿ ಬುರ್ಸಾಕ್ಕೆ ಬರುತ್ತಿತ್ತು. ಇಟಲಿಯ ವರ್ತಕರು ಕೊಳ್ಳಲು ಅಲ್ಲೇ ಕಾದಿರುತ್ತಿದ್ದರು. ತನ್ನ ಸೀಮೆಯ ಮಾಲು ಎಲ್ಲಿ ಬಿಕರಿಯಾಗುತ್ತದೆಂದು ಗೀಲಾನಿನ ಹುಡುಗನಿಗೆ ಯಾರಾದರೂ ಹೇಳಿಕೊಡಬೇಕಿತ್ತೆ?

ಹಾಗಾಗಿ ನಾನು ಮೊದಲು ಹೊಕ್ಕದ್ದು ಪೇಟೆಗೆ. ಅಲ್ಲಿನ ಕೊಜಾ ಹಾನ್ ಎಂದರೆ ರೇಷ್ಮೆಗೂಡಿನ ಛತ್ರ. ಎರಡಂತಸ್ತು, ಸುತ್ತ ಕಮಾನಿನ ಮೊಗಸಾಲೆ, ಅದಕ್ಕೆ ತೆರೆದುಕೊಂಡ 95 ಕೋಣೆಗಳು, ನಡುವೆ ಅಂಗಳ. ಅಂಗಳದ ಮಧ್ಯೆ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಪುಟ್ಟ ಮಸೀದಿ, ಅದರಡಿಗೆ ಕೈಕಾಲು ತೊಳೆಯುವ ಕಾರಂಜಿ. ವ್ಯಾಪಾರದ ನಡುವೆ ನಮಾಜಿಗೆ ದೂರ ಹೋಗಬೇಕಿಲ್ಲ, ನಮಾಜು ಮುಗಿಸಿದವನು ಗಿರಾಕಿಯನ್ನು ಹುಡುಕಿಕೊಂಡೂ ಹೋಗಬೇಕಿಲ್ಲ. ಗವಾನನ ಗುಮಾಸ್ತರು ಇಲ್ಲೇ ಇಳಿದಿದ್ದರು ಎಂದು ಕಲ್ಪಿಸಿಕೊಳ್ಳಲು ಆಸೆಯೇನೋ ಆಗುತ್ತದೆ, ಆದರೆ ತಾರೀಖು ಬಿಡುವುದಿಲ್ಲ. ಇದು ಮುಗಿದದ್ದು 1491ರಲ್ಲಿ, ಗವಾನ್ ಸತ್ತು ಹತ್ತು ವರ್ಷವಾದ ಮೇಲೆ. ಅವರು ಕಂಡಿರಬಹುದಾದದ್ದು ಪಕ್ಕದ ಎಮಿರ್ ಹಾನ್. ಅದು ಒಟ್ಟೋಮನ್ ಸುಲ್ತಾನ ಓರ್ಹಾನನ ಕಾಲದ್ದು, ಇದಕ್ಕಿಂತ ನೂರೈವತ್ತು ವರ್ಷದಷ್ಟು ಹಳೆಯದು. ಅಲ್ಲೂ ಈಗ ಅಂಗಡಿಗಳಿವೆ, ಅಲ್ಲೂ ಚಹಾ ಸಿಗುತ್ತದೆ.

ಕೊಜಾ ಹಾನ್ ಕಟ್ಟಿಸಿದ ಎರಡನೆಯ ಬಾಯಜೀದ್ ಸುಲ್ತಾನ ಇದರ ಬಾಡಿಗೆಯನ್ನು ಇಸ್ತಾಂಬುಲ್‌ನ ತನ್ನ ಮಸೀದಿಗೆ ವಕ್ಫ್ ಮಾಡಿದ್ದ. ಇಲ್ಲಿ ರೇಷ್ಮೆ ಮಾರಿದ ದುಡ್ಡು ಅಲ್ಲಿ ದೀಪಕ್ಕೆ, ಓದಿಗೆ, ಅನ್ನಕ್ಕೆ. ಬುರ್ಸಾದಲ್ಲಿ ಯಾವ ಕಟ್ಟಡದ ಬುಡ ಕೆದಕಿದರೂ ಹೀಗೆ ಒಂದು ಬಾಡಿಗೆ ಚೀಟಿ ಸಿಗುತ್ತದೆ. ಪುಣ್ಯಕ್ಕೂ ವ್ಯಾಪಾರಕ್ಕೂ ನಡುವೆ ಗೋಡೆ ಎಬ್ಬಿಸದ ಊರು ಇದು. ನನಗೆ ಹಿಡಿಸಿದ್ದೂ ಅದೇ. ಇಲ್ಲಿ ಟಿಕೆಟ್ ಕೊಟ್ಟು ಇಣುಕಿ ನೋಡುವುದು ಕಡಿಮೆ. ಅಂಗಳದ ಮರದ ನೆರಳಲ್ಲಿ ಕುರ್ಚಿ ಎಳೆದುಕೊಂಡು, ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಕಪ್ಪು ಚಹಾ ಹೀರುತ್ತ ಕೂತರೆ ನಾವೂ ಆ ಹೊತ್ತಿನ ಗಿರಾಕಿಗಳೇ. ಮಾಳಿಗೆಯ ಅಂಗಡಿಯೊಂದರಲ್ಲಿ ಶಾಲು ಮುಟ್ಟಿ ನೋಡಿದೆ. ಅಂಗಡಿಯಾತ ತಾನಾಗಿಯೇ ಒಂದು ಎಳೆ ಕಿತ್ತು ಸುಟ್ಟು, ಕೂದಲು ಸುಟ್ಟ ವಾಸನೆ ಬಂತೋ ಇಲ್ಲವೋ ಎಂದು ನನ್ನ ಮೂಗಿಗೇ ಹಿಡಿದ. ಈ ಪರೀಕ್ಷೆ ಚಿಕ್ಕಪೇಟೆಯವರಿಗೂ ಗೊತ್ತು. ಚೌಕಾಸಿ ನಡೆಯಿತು. ಯಾರು ಗೆದ್ದರೆಂಬುದು ಇಲ್ಲಿ ಬೇಡ.

ಪೇಟೆ ದಾಟಿದರೆ ನಾಲ್ಕು ಹೆಜ್ಜೆಗೆ ಉಲು ಜಾಮಿ, ದೊಡ್ಡ ಮಸೀದಿ. 1396ರಲ್ಲಿ ಡ್ಯಾನ್ಯೂಬ್ ದಡದ ನಿಕೋಪೊಲಿಸ್‌ನಲ್ಲಿ ಯುರೋಪಿನ ದಂಡು ಎದುರಾದಾಗ ಮೊದಲನೆಯ ಬಾಯಜೀದ್, ಗೆದ್ದರೆ ಇಪ್ಪತ್ತು ಮಸೀದಿ ಕಟ್ಟಿಸುತ್ತೇನೆಂದು ಹರಕೆ ಹೊತ್ತನಂತೆ. ಗೆದ್ದ. ಗೆದ್ದ ಮೇಲೆ ಖರ್ಚಿನ ಲೆಕ್ಕ ಎದುರು ಬಂತು. ಇಪ್ಪತ್ತು ಮಸೀದಿ ಏಕೆ, ಇಪ್ಪತ್ತು ಗುಮ್ಮಟದ ಒಂದು ಮಸೀದಿ ಸಾಲದೆ ಎಂದು ಅಳಿಯ ಎಮಿರ್ ಸುಲ್ತಾನ್ ದಾರಿ ತೋರಿಸಿದ ಎಂಬುದು ಊರಿನವರ ಕಥೆ. ದೇವರ ಹತ್ತಿರವೂ ಚೌಕಾಸಿ ಮಾಡಿದ ಊರಿನಲ್ಲಿ ಶಾಲಿನ ಅಂಗಡಿಯಾತನನ್ನು ಸೋಲಿಸಲು ನಾನು ಯಾರು!

ಒಳಗೆ ಹನ್ನೆರಡು ದಪ್ಪ ಕಂಬಗಳು, ಗೋಡೆ ಕಂಬಗಳ ಮೈಮೇಲೆಲ್ಲ ಆಳೆತ್ತರದ ಅಕ್ಷರಗಳು. ಅರಬ್ಬಿ ಲಿಪಿ ಬಾರದವರಿಗೂ ಅವುಗಳ ಓಟ, ತಿರುವು, ಎದುರುಬದುರಾಗಿ ಕನ್ನಡಿಯಂತೆ ನಿಂತ ಜೋಡಿ ಕಂಡು ಕಣ್ಣು ನಿಲ್ಲುತ್ತದೆ. ಅದಕ್ಕಿಂತ ಬೆರಗು ಹುಟ್ಟಿಸುವುದು ಮಸೀದಿಯ ಒಳಗೇ ಇರುವ ಕಾರಂಜಿ. ಅದರ ಮೇಲಿನ ಗುಮ್ಮಟ ಹಿಂದೆ ಬಾನಿಗೆ ತೆರೆದಿತ್ತು, ಈಗ ಗಾಜು ಹಾಕಿದ್ದಾರೆ. ಇದಕ್ಕೂ ಒಂದು ಕಥೆ. ಅಷ್ಟು ಜಾಗ ಒಬ್ಬ ಹೆಂಗಸಿನದಾಗಿತ್ತು, ಬಿಟ್ಟುಕೊಡಲು ಅವಳು ಕೊನೆತನಕ ಒಪ್ಪಲಿಲ್ಲ, ಅವಳು ಹೋದ ಮೇಲೆ ಮನಸ್ಸಿಲ್ಲದೆ ಬಂದ ನೆಲದಲ್ಲಿ ನಮಾಜು ಬೇಡವೆಂದು ನೀರು ಹರಿಸಿದರು. ಕಥೆ ನಿಜವಿರಲಿ, ಸುಳ್ಳಿರಲಿ, ಭೂಸ್ವಾಧೀನ ಅಧಿಕಾರಿಗಳಿಗೆ ಒಮ್ಮೆ ಹೇಳಬೇಕಾದದ್ದು. ನೀರಿನ ಸದ್ದಿಗೆ ಕಂಬಕ್ಕೊರಗಿ ತೂಕಡಿಸುವ ಮುದುಕರು, ಕಂಬಳಿಯ ಮೇಲೆ ಜಾರಾಟವಾಡುವ ಮಕ್ಕಳು. ಯಾರೂ ಯಾರನ್ನೂ ಗದರುವುದಿಲ್ಲ. ಅಕ್ರೋಟು ಮರದ ಪ್ರವಚನ ಪೀಠವನ್ನು ಸಣ್ಣ ಸಣ್ಣ ತುಂಡುಗಳನ್ನು ಒಂದರ ಸಂದಿಗೊಂದು ಕೂರಿಸಿ ಕಟ್ಟಿದ್ದಾರೆ. ಅದರ ಮೈಮೇಲಿನ ಉಬ್ಬುಗಳಲ್ಲಿ ಇಡೀ ಸೌರಮಂಡಲವಿದೆ ಎಂದು ಒಬ್ಬರು ನನಗೆ ಗ್ರಹಗಳನ್ನೆಲ್ಲ ಬೆರಳಿಟ್ಟು ತೋರಿಸಿದರು. ತಲೆಯಾಡಿಸಿದೆ. ನನಗೆ ಕಂಡದ್ದು ಒಳ್ಳೆಯ ಮರಗೆಲಸ, ಅಷ್ಟೆ, ಅದೇನು ಕಡಿಮೆಯೆ?

ಮಸೀದಿಯ ಮೊದಲ ಕೆಲವು ವರ್ಷ ನೆಮ್ಮದಿಯದಾಗಿರಲಿಲ್ಲ. 1402ರಲ್ಲಿ ಅಂಕಾರಾದ ಬಳಿ ತೈಮೂರ್ ಬಾಯಜೀದನನ್ನು ಸೆರೆಹಿಡಿದ, ಅವನ ದಂಡು ಬುರ್ಸಾವನ್ನು ದೋಚಿತು. ಬಾಯಜೀದನ ಮಕ್ಕಳು ತಮ್ಮತಮ್ಮಲ್ಲೇ ಹತ್ತು ವರ್ಷ ಕಾದಾಡಿ, ಕೊನೆಗೆ ಉಳಿದ ಮೊದಲನೆಯ ಮೆಹ್ಮದ್ ಕಟ್ಟಿಸಿದ್ದು ಹಸಿರು ಮಸೀದಿ, ಅದರೆದುರಿಗೆ ಅವನ ಹಸಿರು ಗೋರಿ. ಎಲ್ಲ ಕೈಪಿಡಿಗಳೂ ಈ ಎರಡರ ಚಿತ್ರ ಹಾಕುತ್ತವೆ, ನಾನು ಹೆಚ್ಚು ಹೇಳುವುದಿಲ್ಲ. ಒಳಗಿನ ಟೈಲುಗಳ ಗಾಢ ಹಸಿರು, ನೀಲಿ ಮಾತ್ರ ಮರೆಯುವಂಥದ್ದಲ್ಲ. ಅವನ್ನು ಮಾಡಿದವರು ತಬ್ರೀಜಿನ ಕುಶಲಿಗಳು, ರೇಷ್ಮೆ ಬಂದ ದಾರಿಯಲ್ಲೇ ಬಂದವರು. ಅದೇ ಪರ್ಷಿಯಾದ ಕೈಚಳಕ ಇನ್ನೊಂದು ದಿಕ್ಕಿಗೆ ಹೊರಟು ಬೀದರಿನ ಮದರಸಾದ ಮುಂಗೋಡೆಗೂ ಬಂತು. ನಮ್ಮಲ್ಲಿ ಹೆಚ್ಚಿನದು ಉದುರಿಹೋಗಿದೆ, ಇಲ್ಲಿ ಉಳಿದಿದೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು.

ಮುರಾದಿಯೆಗೆ ಮಾತ್ರ ಬಿಡುವಾಗಿ ಹೋಗಬೇಕು. ದೊಡ್ಡ ಮರಗಳ ತೋಟ, ಅಲ್ಲಲ್ಲಿ ಗೋರಿಗಳು. 1451ರಲ್ಲಿ ತೀರಿಕೊಂಡ ಎರಡನೆಯ ಮುರಾದ್ ತನ್ನ ಗೋರಿಗೆ ಮುಚ್ಚಳ ಬೇಡವೆಂದಿದ್ದ. ಗುಮ್ಮಟದ ನೆತ್ತಿಯಲ್ಲಿ ಕಿಂಡಿ, ನೇರ ಕೆಳಗೆ ಬರೀ ಮಣ್ಣು, ಮಳೆ ಅದರ ಮೇಲೇ ಬೀಳಲಿ ಎಂದು. ಇವನ ಮಗನೇ ಇಸ್ತಾಂಬುಲ್ ಗೆದ್ದ ಮೆಹ್ಮದ್. ಆಮೇಲೆ ಸುಲ್ತಾನರಾರೂ ಬುರ್ಸಾದಲ್ಲಿ ಮಣ್ಣಾಗಲಿಲ್ಲ, ಬಂದದ್ದು ಸೋತವರ ಹೆಣಗಳು. ಅಣ್ಣನೊಡನೆ ಪಟ್ಟಕ್ಕೆ ಹೋರಾಡಿ, ಯುರೋಪಿನಲ್ಲಿ ಒತ್ತೆಯಾಳಾಗಿ ಅಲೆದು, ಇಟಲಿಯಲ್ಲಿ ಸತ್ತ ರಾಜಕುಮಾರ ಜೆಮ್ ಇಲ್ಲಿದ್ದಾನೆ. ಆ ಅಣ್ಣ ಬೇರಾರೂ ಅಲ್ಲ, ಕೊಜಾ ಹಾನ್ ಕಟ್ಟಿಸಿದ ಬಾಯಜೀದ್. 1553ರಲ್ಲಿ ತಂದೆ ಸುಲ್ತಾನ್ ಸುಲೇಮಾನನ ಅಪ್ಪಣೆಯಿಂದಲೇ ಕೊಲೆಯಾದ ಮುಸ್ತಫಾ ಇಲ್ಲಿದ್ದಾನೆ. ಟಿವಿ ಧಾರಾವಾಹಿಯಲ್ಲಿ ಅವನ ಸಾವು ನೋಡಿ ಅತ್ತವರು ಈಗಲೂ ಅವನ ಗೋರಿಗೆ ಬರುತ್ತಾರೆ. ಸೋತವರಿಗೆ ಹಚ್ಚಿದ ಇಜ್ನಿಕ್ ಟೈಲುಗಳ ಕೆಂಪು, ನೀಲಿ ಗೆದ್ದ ಮುರಾದನ ಬರಿಗೋಡೆಯಲ್ಲಿಲ್ಲ.

ಇಲ್ಲಿ ಸತ್ತವರಲ್ಲೆಲ್ಲ ಹೆಸರು ಉಳಿಸಿಕೊಂಡವರು ಸುಲ್ತಾನರಲ್ಲ, ಇಬ್ಬರು ಕೂಲಿಯವರು. ಕರಾಗೋಜ್ ಮತ್ತು ಹಾಜಿವಾತ್ ಓರ್ಹಾನನ ಮಸೀದಿಯ ಕೆಲಸಕ್ಕೆ ಬಂದವರಂತೆ. ಒಬ್ಬ ಒರಟ, ಇನ್ನೊಬ್ಬ ಪಂಡಿತಮ್ಮನ್ಯ. ಇವರ ಜಗಳ ಕೇಳುತ್ತ ಉಳಿದವರು ಕರಣೆ ಕೆಳಗಿಟ್ಟು ನಗುತ್ತಿದ್ದರು, ಕೆಲಸ ನಿಂತಿತು, ಇಬ್ಬರ ತಲೆಯೂ ಹೋಯಿತು. ಆಮೇಲೆ ಯಾರೋ ಶೇಖ್ ಪರದೆ ಕಟ್ಟಿ ಇಬ್ಬರನ್ನೂ ನೆರಳಲ್ಲಿ ಮತ್ತೆ ಜಗಳಕ್ಕೆ ಬಿಟ್ಟ. ಒಂಟೆಯ ಚರ್ಮದ ಆ ಗೊಂಬೆಗಳು ಊರಿನ ಮ್ಯೂಸಿಯಮ್ಮಿನಲ್ಲಿವೆ, ಆಟವೂ ನಡೆಯುತ್ತದೆ. ಭಾಷೆ ತಿಳಿಯದಿದ್ದರೂ ಯಾರು ಯಾರಿಗೆ ಬಾರಿಸುತ್ತಾರೆಂಬುದು ತಿಳಿಯುತ್ತದೆ.

ಊರ ಹೊರಗಿನ ಜುಮಾಲಿಕಿಜಿಕ್ ಹಳ್ಳಿ ಕಲ್ಲು ಹಾಸಿದ ಓಣಿ, ಮರ-ಮಣ್ಣಿನ ಹಳೇ ಮನೆಗಳಿಂದ ಚಂದ. ಆದರೆ ಭಾನುವಾರ ಹೋದರೆ ಮನೆಗಳಿಗಿಂತ ಮೊಬೈಲುಗಳೇ ಹೆಚ್ಚು ಕಾಣುತ್ತವೆ. 2014ರಲ್ಲಿ ಯುನೆಸ್ಕೊ ಬುರ್ಸಾದ ಜೊತೆಗೆ ಇದನ್ನೂ ಪಟ್ಟಿಗೆ ಸೇರಿಸಿದೆ.

ಕೊನೆಗೆ ಕಾಲುನೋವು ಕಳೆಯಲು ಚೆಕಿರ್ಗೆಯ ಬಿಸಿನೀರಿಗೆ ಹೋದೆ. ಬೆಟ್ಟದ ಬುಡದಲ್ಲಿ ತಾನಾಗಿ ಉಕ್ಕುವ ಈ ನೀರಿಗೆ ತುರ್ಕರಿಗಿಂತ ಹಳೆಯ ಇತಿಹಾಸವಿದೆ. ಮುಂದೆ ನಮ್ಮ ಹೊನ್ನಾವರ, ಮಂಗಳೂರಿಗೂ ಬಂದುಹೋದ ಇಬ್ನ್ ಬತೂತ ಬುರ್ಸಾದ ಬಿಸಿನೀರಿನ ಸ್ನಾನಗೃಹಗಳ ಬಗ್ಗೆ ಬರೆದಿದ್ದಾನೆ. ಅವನಿಗೂ ಸಾವಿರದ ಇನ್ನೂರು ವರ್ಷ ಹಿಂದೆ, ಊರು ಪ್ರೂಸಾ ಎಂಬ ಹೆಸರಿನಲ್ಲಿ ರೋಮನ್ನರ ಕೈಯಲ್ಲಿದ್ದಾಗ, ಗವರ್ನರ್ ಪ್ಲಿನಿ ಚಕ್ರವರ್ತಿ ಟ್ರೇಜನ್‌ಗೆ ಒಂದು ಅರ್ಜಿ ಬರೆದ: ಇಲ್ಲಿಯವರ ಸ್ನಾನಗೃಹ ಹಳೆಯದು, ಗಲೀಜಾಗಿದೆ, ಹೊಸದು ಕಟ್ಟಿಕೊಳ್ಳಲು ಅಪ್ಪಣೆಯಾಗಬೇಕು. ಕಟ್ಟಿಕೊಳ್ಳಲಿ, ಆದರೆ ಅದಕ್ಕಾಗಿ ಜನರ ಮೇಲೆ ಹೊಸ ತೆರಿಗೆ ಹಾಕಕೂಡದು ಎಂದು ಉತ್ತರ ಬಂತು. ನಾನು ಹೋದ ಹಮಾಮಿನ ಬಾಗಿಲಲ್ಲಿ ತೂಗುಹಾಕಿದ್ದ ಹಲಗೆಯಲ್ಲಿ ಒಳಗೆ ಹೋಗಲು ಒಂದು ದರ, ಮೈ ಉಜ್ಜಲು ಒಂದು, ಸಾಬೂನಿನ ನೊರೆಗೆ ಒಂದು, ಟವೆಲಿಗೆ ಇನ್ನೊಂದು ದರವಿತ್ತು. ಟ್ರೇಜನ್ನನ ಕಾಗದ ಇನ್ನೂ ಇವರ ಕೈಸೇರಿದ ಹಾಗೆ ಕಾಣಲಿಲ್ಲ. ಎಲ್ಲಕ್ಕೂ ಕೊಟ್ಟು ಒಳಗೆ ಹೋದೆ.