ಬುತ್ತಿ ಕಾಯುವ ಮಾಸ್ತರು

ನಮ್ಮೂರು ಹುನಗುಂದ. ಐಹೊಳೆ ನಮ್ಮ ತಾಲ್ಲೂಕಿನದೇ. ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದ ನಾನು ಹತ್ತಾರು ಸಲ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದೇನೆ. ‘ಮೇಗುಟಿ ಗುಡ್ಡದ ಮೇಲೆ ರವಿಕೀರ್ತಿಯ ಶಾಸನವಿದೆ. ಕ್ರಿ.ಶ. 634. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ್ದು ಅದರಲ್ಲಿದೆ’ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಹೋದ ಚಳಿಗಾಲದಲ್ಲಿ ನನ್ನ ಮೊಮ್ಮಗಳು ಬಾಗಲಕೋಟೆಯ ನವನಗರದಿಂದ ಸೂಟಿಗೆ ಬಂದಳು. ಆರನೇ ಇಯತ್ತೆ. ಜೊತೆಗೆ ಹೊಸ ಗೇರ್ ಸೈಕಲ್ಲು. ರಾತ್ರಿ ಊಟ ಮಾಡುವಾಗ ಅದೇ ಶಾಸನದ ಮಾತು ಬಂತು. ಎಂದಿನಂತೆ ನಾನು ಶುರು ಮಾಡಿದೆ. ಅವಳು ರೊಟ್ಟಿ ಮುರಿಯುತ್ತ ಕೇಳಿದಳು: “ಅಜ್ಜಾ, ಅದು ಯಾವ ಗ್ವಾಡಿ ಮ್ಯಾಲ ಐತಿ?”

“ಬಾಗಲದ ಬಲಕ್ಕ” ಎಂದುಬಿಟ್ಟೆ.

ಖರೇ ಹೇಳಬೇಕೆಂದರೆ ನಾನು ಮೇಗುಟಿ ಹತ್ತಿಯೇ ಇರಲಿಲ್ಲ. ಮೊದಲನೇ ಪ್ರವಾಸದಲ್ಲಿ ಬುತ್ತಿ ಗಂಟುಗಳನ್ನು ಮಂಗಗಳಿಂದ ಕಾಯಲು ಯಾರಾದರೂ ಕೆಳಗೆ ಇರಬೇಕಿತ್ತು. ನಾನು ದುರ್ಗ ಗುಡಿಯ ನೆರಳಲ್ಲಿ ಕೂತೆ. ಮರುವರ್ಷವೂ ಕೂತೆ. ಆಮೇಲೆ ಅದೇ ರೂಢಿಯಾಯಿತು. ಮಕ್ಕಳು ಏರಿ ಇಳಿದು ಬರುವಷ್ಟರಲ್ಲಿ ನನ್ನದೊಂದು ಸಣ್ಣ ನಿದ್ದೆ ಮುಗಿಯುತ್ತಿತ್ತು.

“ಹಂಗಾರ ನಾಳೆ ಹೋಗೂಣು, ಸೈಕಲ್ ಮ್ಯಾಲ” ಎಂದಳು ಅವಳು. ನನ್ನ ಹೆಂಡತಿ ಒಮ್ಮೆ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಗೊತ್ತು. ಆದರೂ ಏನೂ ಅನ್ನದೆ ಬೆಳಗಿನ ಜಾವ ಎದ್ದು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿದಳು. ಕಟ್ಟಿದ್ದು ಅವಳ ಹಳೇ ಇಳಕಲ್ ಸೀರೆಯ ತುಂಡಿನಲ್ಲಿ. ಸೆರಗಿನ ಕೆಂಪು ತೆನೆ ಇನ್ನೂ ಮಾಸಿರಲಿಲ್ಲ.

ದೊಡ್ಡ ರಸ್ತೆಯಲ್ಲಿ ಲಾರಿಗಳ ಕಾಟ. ಅದಕ್ಕೆ ಅಮೀನಗಡದವರೆಗೆ ಟಂಟಂನಲ್ಲಿ ಸೈಕಲ್ ಹಾಕಿಕೊಂಡು ಹೋದೆವು. ಅಲ್ಲಿ ಕರದಂಟು ಕೊಳ್ಳದೆ ಮುಂದೆ ಹೋಗುವುದು ಪಾಪ. ನಂತರದ ಸಣ್ಣ ರಸ್ತೆಯಲ್ಲಿ ನಾವಿಬ್ಬರೇ. ಎರಡೂ ಕಡೆ ಎದೆಮಟ್ಟದ ಬಿಳಿಜೋಳ, ಅದರ ನಡುವೆ ಸಮುದ್ರದಲ್ಲಿ ದ್ವೀಪ ಎದ್ದಂತೆ ಚಪ್ಪಟೆ ತಲೆಯ ಕಲ್ಲುಗುಡ್ಡಗಳು. ಅವಳು ಗೇರು ಬದಲಿಸಿ ಮುಂದೆ ಹೋಗಿ ನಿಲ್ಲುವಳು, ನಾನು ಹಳೇ ಹರ್ಕ್ಯುಲಿಸ್ ಕಿರುಗುಟ್ಟಿಸುತ್ತ ಬಂದು ಸೇರುವೆ. ದಾರಿಯುದ್ದಕ್ಕೂ ಬಾಗಿಲ ಬಲಕ್ಕೆ ಶಾಸನ ಇರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ.

ಐಹೊಳೆಯಲ್ಲಿ ಸೈಕಲ್ಲಿಗೆ ಬೀಗ ಹಾಕಿ ಮೆಟ್ಟಿಲು ಹತ್ತಿದೆವು. ಗುಡ್ಡ ಅಂಥ ಎತ್ತರವೇನಲ್ಲ. ನನ್ನ ಮೊಣಕಾಲಿಗೆ ಮಾತ್ರ ಅದು ಹಿಮಾಲಯ. ಅರ್ಧ ದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಚೈತ್ಯವಿದೆ. ಅದರ ಕಟ್ಟೆಯ ಮೇಲೆ ಕೂತು ನೀರು ಕುಡಿದೆ. ಕೆಳಗೆ ದುರ್ಗ ಗುಡಿಯ ದುಂಡನೆಯ ಬೆನ್ನು ಕಾಣುತ್ತಿತ್ತು. (ಅದಕ್ಕೆ ಆ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ದುರ್ಗ ಎಂದರೆ ಕೋಟೆ.) ನಾನು ಅಷ್ಟು ವರ್ಷ ಕೂತ ಜಾಗ ಮೇಲಿನಿಂದ ಅಂಗೈಯಷ್ಟು ಕಂಡಿತು.

ಅವಳು ಆಗಲೇ ಮೇಲೆ ಹೋಗಿದ್ದಳು. ನಾನು ಏದುಸಿರು ಬಿಡುತ್ತ ಕೋಟೆಗೋಡೆ ದಾಟುವಷ್ಟರಲ್ಲಿ ಬಾಗಿಲ ಎಡ, ಬಲ ಎಲ್ಲ ನೋಡಿ, ಗುಡಿಯನ್ನು ಒಂದು ಸುತ್ತು ಹಾಕಿ ಬಂದು ನಿಂತಿದ್ದಳು.

“ಅಜ್ಜಾ, ಬಾಗಲದ ಹಂತ್ಯಾಕ ಇಲ್ಲ. ಹೊರಗ, ಮೂಡಲ ಗ್ವಾಡಿಗೆ ಐತಿ.”

ತಲೆ ತಗ್ಗಿಸಿದೆ. “ನಾ ಇವತ್ತೇ ಮೊದಲನೇ ಸಲ ಹತ್ತೀನವ್ವಾ. ನಿನ್ನೆ ಸುಳ್ಳ ಹೇಳಿದೆ.”

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಸಾಲಿ ಹುಡುಗರಿಗೂ ಬಾಗಲ ಅಂತನ ಹೇಳೀಯೇನು?” ಎಂದಳು.

“ಇಲ್ಲ. ಅವರು ಯಾರೂ ಕೇಳಲಿಲ್ಲ.”

ಹೇಳಿದ ಮೇಲೆ ನನಗೇ ಕಸಿವಿಸಿಯಾಯಿತು. ಕೇಳಲಿಲ್ಲವೋ, ಕೇಳುವ ಹಾಗೆ ನಾನು ಕಲಿಸಲಿಲ್ಲವೋ?

ಇಬ್ಬರೂ ಗೋಡೆಯ ಮುಂದೆ ನಿಂತೆವು. ಹತ್ತೊಂಬತ್ತು ಸಾಲು. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. ಒಂದೆರಡು ಅಕ್ಷರ ಪರಿಚಯದವು ಅನ್ನಿಸಿದರೂ ಓದಲು ಬರಲಿಲ್ಲ. ರವಿಕೀರ್ತಿ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಎಂದು ಬರೆದುಕೊಂಡಿದ್ದಾನೆ ಎಂದೆ. “ತನ್ನ ಬಗ್ಗೆ ತಾನ?” ಎಂದು ಅವಳು ಕಣ್ಣರಳಿಸಿದಳು. ಆದರೆ ಅವನ ಆ ಜಂಬದಿಂದ ನಮಗೊಂದು ಲಾಭವಾಗಿದೆ: ಕಾಳಿದಾಸ 634ಕ್ಕಿಂತ ಮುಂಚೆಯೇ ಬಾಳಿ ಹೆಸರಾಗಿದ್ದ ಎಂಬುದಕ್ಕೆ ಈ ಗೋಡೆಯೇ ಸಾಕ್ಷಿ. ಗುಡಿಯ ಹಿಂದೆ ಚಪ್ಪಡಿ ಕಲ್ಲು ನಿಲ್ಲಿಸಿ ಮೇಲೊಂದು ಹೊದಿಸಿದ ಮನೆಯಂಥವು ಇವೆ. ಚಾಲುಕ್ಯರಿಗಿಂತ ಎಷ್ಟೋ ಹಿಂದಿನ ಜನರ ಸಮಾಧಿಗಳು. ಅವುಗಳ ವಿಷಯ ನಾನು ಪಾಠದಲ್ಲಿ ಹೇಳಿಯೇ ಇರಲಿಲ್ಲ.

ಕೆಳಗಿಳಿದು ರೊಟ್ಟಿ ತಿಂದೆವು, ದುರ್ಗ ಗುಡಿಯ ಬಳಿ, ನನ್ನ ಹಳೇ ನೆರಳಿನಲ್ಲೇ. ಅಲ್ಲಿಂದ ಬಾದಾಮಿ ಸುಮಾರು 35 ಕಿಲೋಮೀಟರ್. ಪಟ್ಟದಕಲ್ಲಿನವರೆಗೆ ತುಳಿದೆವು, ಮುಂದೆ ನನ್ನ ಮೊಣಕಾಲು ಒಪ್ಪದೆ ಸೈಕಲ್ಲುಗಳು ಟೆಂಪೊ ಏರಿದವು. ರಾತ್ರಿ ತಂಗಿಯ ಮನೆಯಲ್ಲಿ ಬಿಸಿನೀರು, ಕೊಬ್ಬರಿ ಎಣ್ಣೆ, ಬೈಗುಳ, ಮೂರೂ ಸಿಕ್ಕವು.

ಬೆಳಿಗ್ಗೆ ಬಾದಾಮಿಯ ಬಡಗಣ ಕೋಟೆಗೆ ಹೊರಟೆವು. ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಮೆಟ್ಟಿಲು. ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ದಾರಿಯ ಒಂದು ಬಂಡೆಯ ಮೇಲೆ ಹಳ್ಳದ ದಂಡೆಯ ಮರಳಿನಲ್ಲಿ ನೀರು ಮೂಡಿಸುವಂಥ ಅಲೆ ಅಲೆ ಗೆರೆಗಳಿದ್ದವು. ಅವಳು ಬೆರಳಾಡಿಸಿದಳು. ಅವು ನೀರಿನ ಗೆರೆಗಳೇ! ಬಾದಾಮಿಯದು ಮರಳುಗಲ್ಲು, ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರು ಹೊತ್ತು ತಂದ ಮರಳು ಪದರ ಪದರವಾಗಿ ಗಟ್ಟಿಯಾದದ್ದು. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಗಲ್ಲ, ಅದು ನೆಲದಾಳದಲ್ಲಿ ಕರಗಿದ್ದು ತಣಿದು ಆದ ಕಲ್ಲು. ಮೆದು ಕಲ್ಲಿದ್ದದ್ದಕ್ಕೇ ಎದುರಿನ ಗುಡ್ಡದಲ್ಲಿ ಮಂಗಲೇಶನ ಕಾಲದವರು 578ರಲ್ಲಿ ಮೂರನೇ ಗುಹೆಯನ್ನು ಅಷ್ಟು ಚೆಂದ ಕೊರೆದದ್ದು.

ತುದಿಯಲ್ಲಿ ನಿಂತಾಗ ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು, ದಂಡೆಯಲ್ಲಿ ಬಟ್ಟೆ ಒಗೆಯುವ ಸದ್ದು, ಆಚೆ ತುದಿಗೆ ಭೂತನಾಥ ಗುಡಿ. ನಾನು ರೂಢಿಯಂತೆ ಶುರು ಮಾಡಿದೆ: “ಒಂದನೇ ಪುಲಕೇಶಿ ಈ ಕೋಟೆ ಕಟ್ಟಿಸಿದ್ದು 543ರಾಗ. ಅದನ್ನ ಹೇಳೂ ಶಾಸನ ಇಲ್ಲೇ ಒಂದು ಬಂಡೀ ಮ್ಯಾಲ ಐತಿ...”

“ನೀ ನೋಡೀಯೇನು?”

“ಇಲ್ಲ” ಎಂದೆ, ತಡಮಾಡದೆ.

ಅವಳು ಕರದಂಟಿನ ಕಡೆಯ ತುಂಡನ್ನು ಎರಡು ಮಾಡಿ ದೊಡ್ಡದನ್ನು ನನ್ನ ಕೈಗಿಟ್ಟಳು. “ಮಂಗ್ಯಾ ಬರೂದ್ರಾಗ ತಿನ್ನು. ಆಮ್ಯಾಲ ಹುಡುಕೂಣು.”