ಪರವೂರಿನ ತಕ್ಕಡಿ

ಕಾರ್ಕಳದ ಅಕ್ಕನಿಂದ ಫೋನು ಬಂದಾಗ ಅವರು ಮಣಿಪಾಲದ ಟೈಗರ್ ಸರ್ಕಲಿನ ಬಳಿ ರಿಕ್ಷಾ ನಿಲ್ಲಿಸಿ ಬಾಡಿಗೆಗೆ ಕಾಯುತ್ತಿದ್ದರು. 2023ರ ಮಳೆಗಾಲ. "ತಮ್ಮಾ, ಹುಡುಗನಿಗೆ ಸೌದಿಯಲ್ಲಿ ಕೆಲಸ ಆಗಿದೆ. ಸೋಮವಾರ ದುಡ್ಡು ಕಟ್ಟಬೇಕು. ನೀನೊಮ್ಮೆ ಬಂದು ಕಾಗದಪತ್ರ ನೋಡಿದರೆ ನಮಗೊಂದು ಧೈರ್ಯ. ಏಜೆಂಟರು ಬೇರೆ ಯಾರೂ ಅಲ್ಲ ಮಾರಾಯ, ಅಂದು ನಿನ್ನನ್ನು ಕಳುಹಿಸಿದವರೇ!"

ಅಕ್ಕನಿಗೆ ಧೈರ್ಯ ಕೊಟ್ಟ ಆ ಕೊನೆಯ ಮಾತೇ ತಮ್ಮನ ನಿದ್ದೆ ಕೆಡಿಸಿತು.

ಕರಾವಳಿಯ ಮನೆಗಳಿಗೆ ಪರವೂರು ಹೊಸತಲ್ಲ. ಮೊದಲು ಮುಂಬಯಿ ಇತ್ತು. 1970ರ ದಶಕದಲ್ಲಿ ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ಕಟ್ಟಡಗಳು ಏಳತೊಡಗಿದ ಮೇಲೆ ಗಲ್ಫ್ ಬಂತು. ಉಡುಪಿ, ಕಾಪು, ಕಾರ್ಕಳದ ಕಡೆ ಎಷ್ಟೋ ಹೆಂಚಿನ ಮನೆಗಳು ತಾರಸಿಯಾದದ್ದು, ಎಷ್ಟೋ ತಂಗಿಯರ ಮದುವೆ ನಡೆದದ್ದು ಆ ಹಣದಿಂದ. ಪ್ರಾಮಾಣಿಕ ಧಣಿಗಳ ಕೈಕೆಳಗೆ ದುಡಿದು ನೆಮ್ಮದಿ ಕಂಡವರು ಬಹಳ ಮಂದಿ ಇದ್ದಾರೆ. ಅವರ ಕತೆ ಊರಿಗೆಲ್ಲ ಗೊತ್ತು. ಮೋಸಹೋದವರ ಕತೆ ಮಾತ್ರ ಊರಿಗೆ ಗೊತ್ತಾಗುವುದಿಲ್ಲ. ಅವರು ಬಾಯಿ ಬಿಡುವುದಿಲ್ಲ.

ಕಾಪುವಿನವರಾದ ಇವರೂ ಬಾಯಿ ಬಿಟ್ಟಿರಲಿಲ್ಲ.

2007ರಲ್ಲಿ ಅವರಿಗೆ 24 ವರ್ಷ. ಎಸ್ಸೆಸ್ಸೆಲ್ಸಿಯ ಬಳಿಕ ಐಟಿಐ ಮಾಡಿ ಎಲೆಕ್ಟ್ರಿಶಿಯನ್ ಕೆಲಸ ಕಲಿತಿದ್ದರು. ಉಡುಪಿಯ ಏಜೆಂಟರೊಬ್ಬರು 90 ಸಾವಿರ ರೂಪಾಯಿ ಕೇಳಿದರು. ಅಮ್ಮನ ಕುತ್ತಿಗೆಯ ಸರ, ಕೈಯ ಬಳೆ ಸೊಸೈಟಿಯಲ್ಲಿ ಅಡವು ಬಿದ್ದವು, ಉಳಿದದ್ದಕ್ಕೆ ಕೈಸಾಲ. ಮತ್ಸ್ಯಗಂಧ ರೈಲು ಹತ್ತಿ ಮುಂಬಯಿಗೆ ಹೋಗಿ ಅಲ್ಲಿನ ಕಚೇರಿಯೊಂದರಲ್ಲಿ ಇಂಗ್ಲಿಷಿನ ಕರಾರು ಪತ್ರಕ್ಕೆ ಸಹಿ ಹಾಕಿದರು. ತಿಂಗಳಿಗೆ 1500 ರಿಯಾಲ್ ಸಂಬಳ, ದಿನಕ್ಕೆ ಎಂಟು ಗಂಟೆ ದುಡಿಮೆ, ಊಟ, ವಸತಿ ಉಚಿತ ಎಂದು ಅದರಲ್ಲಿ ಅಚ್ಚುಕಟ್ಟಾಗಿ ಟೈಪು ಮಾಡಲಾಗಿತ್ತು. ಆಗಸ್ಟ್ ತಿಂಗಳಲ್ಲಿ ವಿಮಾನ ಹತ್ತಿದರು.

ಇಳಿದ ಮರುದಿನವೇ ಕಂಪೆನಿಯವರು ಇಕಾಮಾ, ಅಂದರೆ ವಾಸದ ಪರವಾನಗಿ ಚೀಟಿ ಮಾಡಿಸಲೆಂದು ಪಾಸ್‌ಪೋರ್ಟ್ ತೆಗೆದುಕೊಂಡರು. ಆಮೇಲೆ ಅರಬ್ಬಿಯಲ್ಲಿ ಬರೆದ ಇನ್ನೊಂದು ಕಾಗದ ಮುಂದಿಟ್ಟರು. ಮಧ್ಯದಲ್ಲಿ ಒಂಬತ್ತರಂತೆ ತೋರುವ ಒಂದು ಗೀಟು, ಅದರ ಪಕ್ಕ ಎರಡು ಚುಕ್ಕಿ. "ಇದರಲ್ಲಿ ಏನಿದೆ?" ಎಂದು ಕೇಳಿದರೆ ಸೂಪರ್‌ವೈಸರ್ ನಕ್ಕು, "ಬಾಂಬೆಯ ಕಾಗದದಲ್ಲಿ ಇದ್ದದ್ದೇ ಇಲ್ಲೂ ಇದೆ. ಎರಡೂ ಒಂದೇ" ಎಂದ. ಸಹಿ ಬಿತ್ತು.

ಅರಬ್ಬರ ನಾಡುಗಳಲ್ಲಿ ಬರೆಯುವ ಅಂಕಿಗಳಲ್ಲಿ ಸೊನ್ನೆಗೆ ಒಂದು ಚುಕ್ಕಿ ಮಾತ್ರ. ನಮ್ಮ ಸೊನ್ನೆಯಂತೆ ಕಾಣುವ ವೃತ್ತ ಅಲ್ಲಿ ಐದು! ಒಂಬತ್ತು ಮತ್ತು ಎರಡು ಚುಕ್ಕಿ ಎಂದರೆ ಒಂಬೈನೂರು. ವಿಚಿತ್ರವೆಂದರೆ ಅಂಕಿಗಳ ಈ ಪದ್ಧತಿ ಅರಬ್ಬರಿಗೆ ಹೋದದ್ದು ನಮ್ಮ ಭಾರತದಿಂದಲೇ. ಆ ಹತ್ತು ಅಂಕಿಗಳನ್ನು ಕಲಿಯಲು ಹೈಸ್ಕೂಲು ಹುಡುಗನಿಗೆ ಅರ್ಧ ಗಂಟೆ ಸಾಕು. ಅದನ್ನು ಕಲಿತು ಹೋಗಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲ ಮೂರು ತಿಂಗಳು ಸಂಬಳವೇ ಇಲ್ಲ. ನಾಲ್ಕನೆಯ ತಿಂಗಳು ಕೈಗೆ ಬಂದದ್ದು 900 ರಿಯಾಲ್, ಅದರಲ್ಲೂ ಇಕಾಮಾದ ಖರ್ಚೆಂದು ಕಡಿತ. ಸೌದಿಯ ಕಾರ್ಮಿಕ ಕಾನೂನಿನಂತೆ ಆ ಖರ್ಚು ಧಣಿಯದೇ ಹೊರತು ಆಳಿನದಲ್ಲ. ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ: ಎರಡು ಭಾಷೆಗಳ ಕಾಗದಗಳಲ್ಲಿ ವ್ಯತ್ಯಾಸವಿದ್ದರೆ ಅರಬ್ಬಿಯಲ್ಲಿರುವುದೇ ಊರ್ಜಿತ. ಮುಂಬಯಿಯ ಅಂದದ ಇಂಗ್ಲಿಷ್ ಕಾಗದ ಅಲ್ಲಿ ಬರಿಯ ರದ್ದಿ! ದೂರು ಕೊಡೋಣವೆಂದರೆ ಪಾಸ್‌ಪೋರ್ಟ್ ಕಂಪೆನಿಯ ಕಪಾಟಿನಲ್ಲಿ. ಕಫೀಲನ, ಅಂದರೆ ಪ್ರಾಯೋಜಕನ ಒಪ್ಪಿಗೆಯಿಲ್ಲದೆ ಆಗ ಬೇರೆ ಕಡೆ ಕೆಲಸಕ್ಕೆ ಸೇರುವಂತಿರಲಿಲ್ಲ, ದೇಶ ಬಿಟ್ಟು ಹೊರಡುವಂತೆಯೂ ಇರಲಿಲ್ಲ. ಎದುರು ಮಾತಾಡಿದವನನ್ನು 'ಓಡಿಹೋದವ' ಎಂದು ಬರೆಸಿದರೆ ಮುಗಿಯಿತು, ಕೆಲಸಗಾರನೇ ಅಪರಾಧಿ.

ಎರಡು ವರ್ಷ ದುಡಿದರು. ತಿಂಗಳಿಗೆ 600 ರಿಯಾಲಿನಂತೆ 24 ತಿಂಗಳಿಗೆ 14,400 ರಿಯಾಲ್ ನಷ್ಟ. ರಿಯಾಲಿಗೆ ಹತ್ತು ರೂಪಾಯಿ ಹಿಡಿದರೂ 1,44,000 ರೂಪಾಯಿ. ಹೊರಡುವ ಹಿಂದಿನ ರಾತ್ರಿ ಒಂದು ಕೈಯಲ್ಲಿ ಪಾಸ್‌ಪೋರ್ಟ್, ಟಿಕೇಟು, ಇನ್ನೊಂದು ಕೈಯಲ್ಲಿ 'ಬರಬೇಕಾದ ಬಾಕಿಯೆಲ್ಲ ಸಂದಿದೆ' ಎಂಬ ಕಾಗದ ಹಿಡಿದು ಗುಮಾಸ್ತ ಬಂದ. ಸಹಿ ಹಾಕದಿದ್ದರೆ ಟಿಕೇಟಿಲ್ಲ. ಹಾಕಿದರು. ಸೇವೆ ಮುಗಿದಾಗ ಸಿಗಬೇಕಾದ, ವರ್ಷಕ್ಕೆ ಅರ್ಧ ತಿಂಗಳ ಸಂಬಳದ ಲೆಕ್ಕದ ಹಣವೂ ಅಲ್ಲಿಗೆ ಹೋಯಿತು. ಅಲ್ಲಿ ಅವರಿಗೆ ಉಪಕಾರ ಮಾಡಿದವರು ಒಬ್ಬರೇ, ಕಚೇರಿಯ ಮಲಯಾಳಿ ನೌಕರ. ಅರಬ್ಬಿ ಕರಾರಿನ ನೆರಳಚ್ಚು ಪ್ರತಿಯೊಂದನ್ನು ಗುಟ್ಟಾಗಿ ತೆಗೆದು ಅವರ ಬ್ಯಾಗಿಗೆ ಹಾಕಿದ್ದ.

ಬರುವಾಗ ಗೆಳೆಯರಿಂದ ಸಾಲ ಮಾಡಿ ಟ್ಯಾಂಗ್ ಡಬ್ಬಿ, ಹಾಲಿನ ಪುಡಿ, ಸೆಂಟು, ಸೋಪು, ದಪ್ಪದ ಹೊದಿಕೆ ತಂದರು. ಬರಿಗೈಯಲ್ಲಿ ಬಂದರೆ ಊರಿನವರು ಏನೆಂದಾರು? ಕೇಳಿದವರಿಗೆಲ್ಲ ಒಂದೇ ಉತ್ತರ: "ಕಂಪೆನಿ ಒಳ್ಳೆಯದಿತ್ತು. ಅಮ್ಮನಿಗೆ ಹುಷಾರಿಲ್ಲವೆಂದು ಬಿಟ್ಟು ಬಂದೆ." ಅಡವಿನ ಚಿನ್ನ ಬಿಡಿಸಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ಉಡುಪಿಯ ಏಜೆಂಟರು ಮಾತ್ರ ತಮ್ಮಲ್ಲಿಗೆ ಬಂದ ಹುಡುಗರಿಗೆ, "ಬೇಕಾದರೆ ಕಾಪುವಿನಲ್ಲಿ ವಿಚಾರಿಸಿ, ನಾವೇ ಕಳುಹಿಸಿದ್ದು" ಎನ್ನುತ್ತಿದ್ದರು. ವಿಚಾರಿಸಲು ಬಂದವರಿಗೂ ಅವರು ನಿಜ ಹೇಳಲಿಲ್ಲ. ಮರ್ಯಾದೆ ಅಡ್ಡ ಬಂತು.

ರಿಕ್ಷಾ ಕೊಂಡ ಹೊಸತರಲ್ಲಿ ಮಣಿಪಾಲದಲ್ಲಿ ನಡೆದ ಒಂದು ಸಂಗತಿ ಅವರನ್ನು ಮತ್ತಷ್ಟು ಕಾಡಿತ್ತು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದ ಮೇಲೆ ಬೆಳೆದ ಈ ಊರಿಗೆ ದೇಶವಿದೇಶಗಳ ವಿದ್ಯಾರ್ಥಿಗಳು ಬರುತ್ತಾರೆ. ಒಂದು ಸಂಜೆ ಉಡುಪಿ ಬಸ್ಸುನಿಲ್ದಾಣದಲ್ಲಿ ಮಲೇಶ್ಯದ ಹುಡುಗಿಯೊಬ್ಬಳು ಎರಡು ದೊಡ್ಡ ಪೆಟ್ಟಿಗೆಗಳೊಂದಿಗೆ ರಿಕ್ಷಾ ಹತ್ತಿದಳು. 'ಹೊರಗಿನವರಿಗೆ ಏನು ಗೊತ್ತಾಗುತ್ತದೆ?' ಎಂದು ಅವರಿವರು ಹೇಳಿದ್ದು ಕಿವಿಯಲ್ಲಿತ್ತು. ಹಾಸ್ಟೆಲಿನ ಬಾಗಿಲಲ್ಲಿ ಮೂರು ಪಟ್ಟು ಬಾಡಿಗೆ ಹೇಳಿದರು. ಹುಡುಗಿ ಒಂದು ಕ್ಷಣ ನೋಟುಗಳನ್ನು ತಿರುಗಿಸಿ ನೋಡಿ, ಎಲ್ಲರಿಗೂ ಇಷ್ಟೇ ಬಾಡಿಗೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಎಲ್ಲರಿಗೂ ಒಂದೇ" ಎಂದರು.

ಅಂದ ಮರುಕ್ಷಣವೇ ಸೌದಿಯ ಆ ಕೋಣೆ, ಆ ಸೂಪರ್‌ವೈಸರನ ನಗು ಕಣ್ಣ ಮುಂದೆ ಬಂತು. ಅವನೂ ಇದೇ ಮಾತು ಹೇಳಿರಲಿಲ್ಲವೇ? ಭಾಷೆ ಗೊತ್ತಿಲ್ಲ, ದರ ಗೊತ್ತಿಲ್ಲ, ಹೇಳಿಕೊಳ್ಳಲು ತನ್ನವರು ಹತ್ತಿರದಲ್ಲಿಲ್ಲ. ಪರದೇಶದವನನ್ನು ತೂಗುವ ಸುಳ್ಳು ತಕ್ಕಡಿಗೆ ಈ ಮೂರೇ ಬೊಟ್ಟು. ಅದು ಅರಬಸ್ತಾನದಲ್ಲೇ ಇರಬೇಕೆಂದಿಲ್ಲ, ಮಣಿಪಾಲದಲ್ಲೂ ತೂಗುತ್ತದೆ. ಹೆಚ್ಚಾದ ಹಣವನ್ನು ಅಲ್ಲಿಯೇ ಹಿಂದೆ ಕೊಟ್ಟರು. ಮರುದಿನ ಸೀಟಿನ ಬೆನ್ನಿಗೆ ಇಂಗ್ಲಿಷಿನಲ್ಲಿ ಬರೆದ ದರಪಟ್ಟಿ ಅಂಟಿಸಿದರು. ಆದರೂ ಏಜೆಂಟರ ವಿಷಯದಲ್ಲಿ ಅವರ ಬಾಯಿ ತೆರೆಯಲಿಲ್ಲ.

ಈಗ ತೆರೆಯಲೇಬೇಕಾಗಿತ್ತು. ಅಳಿಯಕಟ್ಟಿನ ಕಾಲ ಹೋದರೂ ತುಳುನಾಡಿನಲ್ಲಿ ಸೋದರಮಾವನ ಮಾತಿಗೆ ಇನ್ನೂ ತೂಕವಿದೆ. ಆ ಭಾನುವಾರ ಟ್ರಂಕಿನಿಂದ ಎರಡೂ ಕಾಗದಗಳನ್ನು ತೆಗೆದುಕೊಂಡು ಕಾರ್ಕಳಕ್ಕೆ ಹೋದರು.

ಮೇಜಿನ ಮೇಲೆ ಅಳಿಯನ ಕಾಗದಗಳಿದ್ದವು. ಎಸಿ ಮೆಕ್ಯಾನಿಕ್ ಕೆಲಸ, ಒಂದು ಮುಕ್ಕಾಲು ಲಕ್ಷ ರೂಪಾಯಿ. 'ಮೊದಲು ವಿಸಿಟ್ ವೀಸಾದಲ್ಲಿ ಹೋಗುವುದು, ಅಲ್ಲಿ ಬದಲಾಯಿಸಿ ಕೊಡುತ್ತಾರೆ.' ಮಾವ ಒಂದೂ ಮಾತಾಡದೆ ತನ್ನ ಎರಡು ಕಾಗದಗಳನ್ನು ಅದರ ಪಕ್ಕದಲ್ಲಿಟ್ಟರು. ಹುಡುಗ ಮೊಬೈಲಿನ ಕ್ಯಾಮರಾವನ್ನು ಅರಬ್ಬಿ ಕಾಗದದ ಮೇಲೆ ಹಿಡಿದ. ಎರಡು ವರ್ಷ ದುಡಿಸಿ, ಆಮೇಲೆ ಹದಿನಾಲ್ಕು ವರ್ಷ ಟ್ರಂಕಿನಲ್ಲಿ ಮೂಕವಾಗಿದ್ದ ಕಾಗದ ಕ್ಷಣದಲ್ಲಿ ಇಂಗ್ಲಿಷಾಯಿತು.

"ಮಾವಾ, ಇದರಲ್ಲಿ 900 ಎಂದಿದೆ."

"ಗೊತ್ತು ಮಗಾ."

"ಕೆಳಗೆ ಇನ್ನೂ ಏನೋ ಇದೆ. 1428ರ ಸಫರ್ ತಿಂಗಳಲ್ಲಿ ಮುಂಬಯಿ ಕಚೇರಿಗೆ ಕಳುಹಿಸಿದ ಡಿಮ್ಯಾಂಡ್ ಲೆಟರಿನ ಪ್ರಕಾರ ಸಂಬಳ, ಅಂತ."

ಅದು ಮಾವನಿಗೆ ಗೊತ್ತಿರಲಿಲ್ಲ. ಹಿಜರಿ 1428ರ ಸಫರ್ ಎಂದರೆ 2007ರ ಫೆಬ್ರವರಿ-ಮಾರ್ಚ್. ಮುಂಬಯಿಯಲ್ಲಿ ಸಹಿ ಹಾಕಿದ್ದು ಜೂನ್ ತಿಂಗಳಲ್ಲಿ. ಕಡಲಾಚೆಯ ಧಣಿ ಕೊಡಲು ಒಪ್ಪಿದ್ದೇ 900. ಅದನ್ನು 1500 ಎಂದು ಬರೆದದ್ದು ಕಡಲ ಈಚೆಗೆ, ನಮ್ಮವರೇ! ಇಷ್ಟು ವರ್ಷ ಅರಬನಿಗೆ ಹಾಕಿದ ಶಾಪದಲ್ಲಿ ಅರ್ಧ ಪಾಲು ತಪ್ಪು ವಿಳಾಸಕ್ಕೆ ಹೋಗಿತ್ತು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇದನ್ನು ನಮ್ಮಲ್ಲಿಯೂ ಹೇಳಲಿಲ್ಲವಲ್ಲ ತಮ್ಮಾ" ಎಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ಭಾವ ಎದ್ದು ಹೋಗಿ ಜಗಲಿಯಲ್ಲಿ ಕುಳಿತರು.

ಅಂದು ರಾತ್ರಿ ಹುಡುಗ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ಹೆಸರು ಹುಡುಕಿದ. ಇರಲಿಲ್ಲ. 1983ರ ವಲಸೆ ಕಾಯ್ದೆಯಂತೆ ನೋಂದಣಿ ಇಲ್ಲದವರು ಹೊರದೇಶದ ಕೆಲಸಕ್ಕೆ ಜನ ಕಳುಹಿಸುವಂತಿಲ್ಲ. 'ನಾವು ಮುಂಬಯಿಯವರ ಸಬ್ ಏಜೆಂಟರು' ಎಂಬ ಮಾತಿಗೆ ಆ ಕಾಯ್ದೆಯಲ್ಲಿ ಸ್ಥಾನವೇ ಇಲ್ಲ. ನೋಂದಾಯಿತ ಏಜೆಂಟರು ಕೂಡ ಕೆಲಸಗಾರನಿಂದ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ಇನ್ನು ಭೇಟಿಯ ವೀಸಾ ಇರುವುದು ಭೇಟಿಗೇ. ಅದರಲ್ಲಿ ಹೋಗಿ ದುಡಿದವನು ಅಲ್ಲಿನ ಕಾನೂನಿನ ಕಣ್ಣಿಗೆ ಕೆಲಸಗಾರನೇ ಅಲ್ಲ; ಸಂಬಳ ಕೊಡದಿದ್ದರೆ ಕೇಳಲು ಬಾಯಿಯಿಲ್ಲ.

ಸೋಮವಾರ ಮಾವ, ಅಳಿಯ ಇಬ್ಬರೂ ಉಡುಪಿಯ ಆ ಕಚೇರಿಗೆ ಹೋದರು. ಅಲ್ಲಿ ಮೂವರು ಹುಡುಗರು ಫೈಲು ಹಿಡಿದು ಕುಳಿತಿದ್ದರು. ಏಜೆಂಟರು ಎದ್ದುಬಂದು, "ನೋಡಿ, ಇವರೇ ಕಾಪುವಿನವರು, ನಾನು ಹೇಳಿದ್ದು" ಎಂದು ಪರಿಚಯಿಸಿದರು. ಅವರು ಎರಡೂ ಕಾಗದಗಳನ್ನು ಬಿಡಿಸಿ, ಮೂವರಿಗೂ ಕೇಳುವಂತೆ ಓದಿದರು. "ಇಷ್ಟು ವರ್ಷ ಆದ ಮೇಲೆ ಈಗ ಯಾಕೆ ಇದೆಲ್ಲ?" ಎಂದು ಏಜೆಂಟರು ಗದರಿಸಿದರು. ಆ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಪ್ರಶ್ನೆ ಸರಿಯಾಗಿಯೇ ಇತ್ತು. ಇಬ್ಬರು ಹುಡುಗರು ಎದ್ದು ಹೊರಬಂದರು. ಮೂರನೆಯವನು ತಲೆ ತಗ್ಗಿಸಿ ಕುಳಿತೇ ಇದ್ದ. ಅವನು ಹಿಂದಿನ ವಾರವೇ ಹಣ ಕಟ್ಟಿದ್ದ.

ಇದು ಒಬ್ಬರ ಮನೆಯ ಕತೆಯಲ್ಲ. 2016ರಲ್ಲಿ ಉಡುಪಿ ಜಿಲ್ಲೆಯ ಮಹಿಳೆಯೊಬ್ಬರು ಕತಾರ್‌ನಲ್ಲಿ ಕೆಲಸವೆಂಬ ಮಾತು ನಂಬಿ ಹೊರಟು ಸೌದಿ ಅರೇಬಿಯಾದ ಮನೆಯೊಂದರ ಚಾಕರಿಗೆ ಸಿಕ್ಕಿಬಿದ್ದರು. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು ಬೆನ್ನುಹತ್ತಿ ಹೋರಾಡಿದ ಮೇಲೆ 2017ರಲ್ಲಿ ಅವರು ಊರು ಕಂಡರು. ಅದೇ 2016ರಲ್ಲಿ ಸೌದಿಯ ದೊಡ್ಡ ನಿರ್ಮಾಣ ಕಂಪೆನಿಗಳು ಸಂಬಳ ನಿಲ್ಲಿಸಿದ್ದರಿಂದ ಸಾವಿರಾರು ಭಾರತೀಯರು ಶಿಬಿರಗಳಲ್ಲಿ ಊಟಕ್ಕೂ ಪರದಾಡಿ, ಕೇಂದ್ರದ ಸಚಿವರೇ ಅಲ್ಲಿಗೆ ಹೋಗಬೇಕಾಯಿತು. 2021ರ ಮಾರ್ಚಿನಿಂದ ಸೌದಿಯಲ್ಲಿ ನಿಯಮಗಳು ಎಷ್ಟೋ ಸಡಿಲಗೊಂಡು, ಬಹಳಷ್ಟು ಕೆಲಸಗಾರರಿಗೆ ಧಣಿ ಬದಲಿಸುವ, ಊರಿಗೆ ಹೊರಡುವ ದಾರಿ ತೆರೆದಿದೆ. ಆದರೆ ಮನೆಗೆಲಸದವರಿಗೆ, ಮನೆಯ ಚಾಲಕರಿಗೆ ಆ ಸುಧಾರಣೆ ಅನ್ವಯಿಸಲಿಲ್ಲ.

ಹಾಗೆಂದು ಪರವೂರಿಗೆ ಹೋಗಲೇಬಾರದೆಂದಲ್ಲ. ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ತೂಗುವ ಮೊದಲು ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡುವುದಿಲ್ಲವೇ? ಹಾಗೆಯೇ ಹಣ ಕಟ್ಟುವ ಮೊದಲು ಏಜೆಂಟರ ನೋಂದಣಿ ನೋಡಬೇಕು. ಕರಾರು ಯಾವ ಭಾಷೆಯಲ್ಲಿದ್ದರೂ ಓದಿಸಿಕೊಂಡೇ ಸಹಿ ಹಾಕಬೇಕು. ಪಾಸ್‌ಪೋರ್ಟ್, ವೀಸಾ, ಕರಾರುಗಳ ಒಂದೊಂದು ಪ್ರತಿ ಮನೆಯಲ್ಲಿರಬೇಕು. ಆ ನಾಡಿನ ಹತ್ತು ಅಂಕಿಗಳನ್ನಾದರೂ ಕಲಿತಿರಬೇಕು. ತೊಂದರೆಯಾದರೆ ಭಾರತೀಯ ದೂತಾವಾಸವಿದೆ. ಮನೆಯವರು ಊರಿನಿಂದಲೇ ದೂರು ದಾಖಲಿಸಲು ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ 'ಮದದ್' ವ್ಯವಸ್ಥೆಯಿದೆ.

ಹೆತ್ತವರಿಗೆ ಒಂದು ಮಾತು. ಪರವೂರಿನಿಂದ ಮಗ ಬಂದಾಗ ಪೆಟ್ಟಿಗೆಯಲ್ಲಿ ಏನು ತಂದ ಎಂದು ಕೇಳುವ ಮೊದಲು, ಅಲ್ಲಿ ಹೇಗಿದ್ದೆ ಎಂದು ಕೇಳಬೇಕು. ಸೋತೆ ಎಂದು ಹೇಳಿಕೊಳ್ಳಲು ಮನೆಯಲ್ಲಿ ಜಾಗವಿದ್ದರೆ ಮುಂದಿನ ಹುಡುಗ ಸೋಲುವುದು ತಪ್ಪೀತು.

ಅಳಿಯ ಸದ್ಯ ಉಡುಪಿಯಲ್ಲೇ ಎಸಿ ದುರಸ್ತಿಯ ಕೆಲಸ ಮಾಡುತ್ತಿದ್ದಾನೆ. ನೋಂದಾಯಿತ ಏಜೆಂಟರ ಮೂಲಕ ಅರ್ಜಿಯನ್ನೂ ಹಾಕಿದ್ದಾನೆ. ಮಾವನ ಎರಡು ಕಾಗದಗಳು ಈಗ ಟ್ರಂಕಿನಲ್ಲಿಲ್ಲ. ರಿಕ್ಷಾದ ಸೀಟಿನಡಿಯ ಪ್ಲಾಸ್ಟಿಕ್ ಚೀಲದಲ್ಲಿವೆ. ಗಲ್ಫಿಗೆ ಹೊರಟ ಹುಡುಗರು ಯಾರಾದರೂ ಸಿಕ್ಕಿದರೆ ಅವರು ರಿಕ್ಷಾ ಬದಿಗೆ ನಿಲ್ಲಿಸಿ, ಆ ಕಾಗದಗಳನ್ನು ಕೈಗೆ ಕೊಟ್ಟು, ಓದಿ ನೋಡು ಎನ್ನುತ್ತಾರೆ.